ಎಡಕ್ಕೆ ವಾಲಿದ ಗಡಿಯಾರ

ಸೋಮವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ದೂರು ಠಾಣೆಗೆ ಬಂತು. ತಂದವರು ಪ್ರವಾಸಕ್ಕೆ ಬಂದಿದ್ದ ಗಂಡ ಹೆಂಡತಿ. ಹೆಂಡತಿ ನಿವೃತ್ತ ದಂತವೈದ್ಯೆ, ಮಾತೆಲ್ಲ ಅವರದೇ. ಗಂಡನ ಪಾಲಿಗೆ ಬಂದದ್ದು ಚೀಲ ಹೊರುವುದು ಮತ್ತು ತಲೆಯಾಡಿಸುವುದು. ಇನ್ಸ್‌ಪೆಕ್ಟರಿಗೆ ಎರಡು ವಾರದಿಂದ ರಜೆಯಿಲ್ಲ, ಮೂರು ದಿನದಿಂದ ಹಲ್ಲುನೋವು. ಲವಂಗ ಒತ್ತಿಕೊಂಡ ಕೆನ್ನೆಯಲ್ಲೇ ಮಾತಾಡಿಸಿದರು.

"ಏನು ಹೋಯ್ತು?"

"ಗೋಡೆ ಗಡಿಯಾರ. ನಿನ್ನೆ ಮೈದಾನದ ಹಳೇ ಸಾಮಾನಿನ ಮಾರುಕಟ್ಟೇಲಿ ತಗೊಂಡಿದ್ದು. ಬೆಳಿಗ್ಗೆ ತಿಂಡಿ ತಿಂದು ಬರೋಷ್ಟರಲ್ಲಿ ಲಾಡ್ಜ್ ರೂಮಿಂದ ಮಾಯ."

"ಬೇರೆ ಏನಾದ್ರೂ?"

"ಇಲ್ಲ. ಕ್ಯಾಮೆರಾ, ನನ್ನ ಬಳೆ ಎಲ್ಲ ಮೇಜಿನ ಮೇಲೇ ಇತ್ತು. ಮುಟ್ಟಿಲ್ಲ."

ಇನ್ಸ್‌ಪೆಕ್ಟರು ಆಗ ತಲೆಯೆತ್ತಿದರು. ಬಳೆ ಬಿಟ್ಟು ಗಡಿಯಾರ ಕದಿಯುವವನು ಕಳ್ಳತನಕ್ಕೆ ಹೊಸಬನಿರಬೇಕು, ಇಲ್ಲವೇ ಗಡಿಯಾರಕ್ಕೆ ಹಳಬನಿರಬೇಕು.

"ಯಾರ ಮೇಲಾದ್ರೂ ಅನುಮಾನ?"

"ಒಬ್ಬನಿದ್ದಾನೆ. ನಾವು ಅದನ್ನ ಕೊಂಡ ಮೇಲೆ ಓಡಿ ಬಂದ. ಅಮ್ಮನಿಗೆ ಕಣ್ಣು ಕಾಣಲ್ಲ, ಆ ಗಡಿಯಾರ ಬೇಕೇ ಬೇಕು, ವಾಪಸ್ ಕೊಡಿ ಅಂತ ಕೈ ಮುಗಿದ. ನಾನು ನಕ್ಕುಬಿಟ್ಟೆ. ಸಾರ್, ಬೆಳಿಗ್ಗೆಯಿಂದ ಅಲ್ಲಿ ಎಷ್ಟು ಕತೆ ಕೇಳಿದ್ದೆ ಅಂತೀರಿ. ಒಂದು ಸೌಟಿಗೂ ಒಬ್ಬಳು ರಾಣಿ ಇದ್ದಳು."

"ಆಮೇಲೆ?"

"ಹೋಗ್ತಾ ಒಂದು ಮಾತು ಹೇಳಿದ. 'ಸ್ವಲ್ಪ ಎಡಕ್ಕೆ ವಾಲಿಸಿ ಹಾಕಿ, ನೆಟ್ಟಗೆ ಹಾಕಿದ್ರೆ ನಿಂತುಹೋಗುತ್ತೆ' ಅಂತ. ನಿಜವಾಗ್ಲೂ ರೂಮಲ್ಲಿ ನೆಟ್ಟಗೆ ಇಟ್ಟಾಗ ಅದು ನಿಂತಿತ್ತು."

"ನೋಡೋಕೆ ಹೇಗಿದ್ದ? ಎತ್ತರ? ಬಟ್ಟೆ?"

ವೈದ್ಯೆ ಯೋಚಿಸಿದರು. "ಮೇಲಿನ ಎಡಗಡೆ ಕೋರೆಹಲ್ಲು ಅರ್ಧ ಮುರಿದಿದೆ. ಮುಂದಿನ ಎರಡು ಒಂದರ ಮೇಲೊಂದು ಹತ್ತಿವೆ."

"ಮುಖ?"

"ಮುಖ ನೆನಪಿಲ್ಲ."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. ಅವನ ಉದ್ದಕ್ಕೆ ಠಾಣೆಯಲ್ಲಿ ಎಲ್ಲರೂ ಅವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಎಫ್‌ಐಆರ್‌ನಲ್ಲಿ ಆರೋಪಿಯ ಚಹರೆಯ ಜಾಗದಲ್ಲಿ ಎರಡು ಸಾಲು ಹಲ್ಲು ಕೂತಿತು. ಸಹಿ ಹಾಕಿ ಏಳುವಾಗ ವೈದ್ಯೆ ಇನ್ಸ್‌ಪೆಕ್ಟರ ಕೆನ್ನೆ ನೋಡಿ, "ಆ ಹಲ್ಲು ಉಳಿಯಲ್ಲ. ಕೀಳಿಸಿಬಿಡಿ," ಎಂದರು. ಸಂಜೆಯ ರೈಲಿಗೆ ಅವರು ಊರಿಗೆ ಹೊರಡುವವರಿದ್ದರು.

ಮಧ್ಯಾಹ್ನ ಹನ್ನೆರಡೂವರೆಗೆ ಇನ್ಸ್‌ಪೆಕ್ಟರು, ಉದ್ದಣ್ಣ ಮಾರುಕಟ್ಟೆಗೆ ಹೋದರು. ಮೈದಾನದ ತುಂಬ ಟಾರ್ಪಾಲು, ಟಾರ್ಪಾಲಿನ ತುಂಬ ಸತ್ತವರ ಸಾಮಾನು. ತುಕ್ಕು ಹಿಡಿದ ಬೀಗಗಳು, ಹಿಡಿ ಮುರಿದ ಕಪ್ಪುಗಳು, ಯಾರದೋ ಮದುವೆಯ ಫೋಟೊ. ಬಿಸಿಲು ತಲೆ ಸುಡುತ್ತಿತ್ತು. ಒಂದೊಂದು ವಸ್ತುವಿನ ಹಿಂದೆಯೂ ಒಬ್ಬ ಮಾರುವವನು, ಒಬ್ಬೊಬ್ಬನ ಬಾಯಲ್ಲೂ ಒಂದು ಕತೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇನ್ಸ್‌ಪೆಕ್ಟರು ಕತೆ ಕೇಳಿ ಕೇಳಿ ದಣಿದಿದ್ದರು. ಆ ಕುರುಡು ತಾಯಿಯ ಕತೆಯನ್ನೂ ಅವರು ನಂಬಿರಲಿಲ್ಲ.

ಗಡಿಯಾರದ ಅಂಗಡಿಯವನು ಸ್ಟೂಲು ಒರೆಸಿ ಕೊಟ್ಟ.

"ನಿನ್ನೆ ಒಬ್ಬ ಡಾಕ್ಟರಮ್ಮನಿಗೆ ಗೋಡೆ ಗಡಿಯಾರ ಮಾರಿದೆಯಲ್ಲ. ಎಲ್ಲಿಂದ ಬಂತು?"

"ಅದಾ ಸಾರ್, ಹಳೇ ರೈಲ್ವೆ ಸ್ಟೇಷನ್ನಿದು. ಅದು ಹೊಡೆದ ಮೇಲೇ ಸ್ಟೇಷನ್ ಮಾಸ್ಟರು..."

"ನನ್ನ ಕಿವಿ ಮೇಲೆ ಹೂವಿಡಬೇಡ. ಎಲ್ಲಿಂದ ಬಂತು?"

ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡ. "ಹೋದ ವಾರ ಒಬ್ಬ ಸೈಕಲ್ ಮೇಲೆ ತಂದು ಕೊಟ್ಟ. ರಾತ್ರಿ ಪಾಳಿ ಅಂತೆ. ಹಗಲು ಮಲಗಿದ್ರೆ ಇದರ ಟಿಕ್ ಟಿಕ್, ಮೇಲಿಂದ ಗಂಟೆ ಗಂಟೆಗೂ ಹೊಡೆಯೋದು, ತಲೆ ಚಿಟ್ಟು ಹಿಡಿದಿದೆ ಅಂದ. ಕೊಟ್ಟಷ್ಟು ಇಸ್ಕೊಂಡು ಹೋದ."

"ಮತ್ತೆ ಬಂದಿದ್ನಾ?"

"ನಿನ್ನೆ ಬಂದ ಸಾರ್, ಹುಚ್ಚನ ಹಾಗೆ. ಅಷ್ಟೊತ್ತಿಗೆ ಮಾರಾಗಿತ್ತು. ಆ ಅಮ್ಮ ಲಾಡ್ಜ್ ಹೆಸರು, ರೂಮ್ ನಂಬರ್ ಹೇಳಿ ಅಲ್ಲಿಗೆ ತಲುಪಿಸು ಅಂತಿದ್ರು. ಇವನು ಪಕ್ಕದಲ್ಲೇ ನಿಂತಿದ್ದ."

"ಅವನ ಹಲ್ಲು ನೋಡಿದ್ಯಾ?"

"ಹಲ್ಲು ಯಾರು ನೋಡ್ತಾರೆ ಸಾರ್? ಕೈ ನೋಡಿದೆ. ಬೆಳ್ಳಗೆ ಸುಕ್ಕುಗಟ್ಟಿತ್ತು, ಎರಡು ದಿನ ನೀರಲ್ಲಿ ನೆನೆಸಿಟ್ಟ ಹಾಗೆ."

ಲಾಡ್ಜಿನ ಮ್ಯಾನೇಜರು ಆಣೆ ಮಾಡುವವರ ಧಾಟಿಯಲ್ಲಿ ಹೇಳಿದರು. ಹೊರಗಿನವರು ಯಾರೂ ಬಂದಿಲ್ಲ, ಒಂದು ಕಡ್ಡಿಯೂ ಹೊರಗೆ ಹೋಗಿಲ್ಲ.

"ಕೊಳೆ ಬಟ್ಟೆ?" ಇನ್ಸ್‌ಪೆಕ್ಟರು ಕೇಳಿದರು.

"ಅದು ದಿನಾ ಹೋಗುತ್ತಲ್ಲ ಸಾರ್. ಬೆಳಿಗ್ಗೆ ಲಾಂಡ್ರಿಯವರು ಬಂದು ಹಾಸಿಗೆ ಬಟ್ಟೆ ಗಂಟು ಕಟ್ಟಿಕೊಂಡು ಹೋದ್ರು." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಗಿ ನಾಲಿಗೆ ಕಚ್ಚಿಕೊಂಡರು.

ಲಾಂಡ್ರಿಯ ಮಾಲೀಕನಿಗೆ ಉದ್ದಣ್ಣ ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮಲ್ಲಿ ಕೋರೆಹಲ್ಲು ಅರ್ಧ ಮುರಿದವನು ಯಾರು? ಮಾಲೀಕ ವಿಳಾಸ ಕೊಟ್ಟ. ಒಳ್ಳೆಯ ಕೆಲಸಗಾರ, ರಾತ್ರಿ ಪಾಳಿ ಮುಗಿದ ಮೇಲೂ ಇವತ್ತು ಲಾಡ್ಜಿನ ಬಟ್ಟೆ ತಾನೇ ತರುತ್ತೇನೆಂದು ಹೋಗಿದ್ದ ಎಂದೂ ಸೇರಿಸಿದ.

ಮೂರೂ ಮುಕ್ಕಾಲಿಗೆ ಆ ಮನೆಯ ಬಾಗಿಲು ತಟ್ಟಿದರು. ತೆಗೆದವಳು ಮುದುಕಿ. ಬಲಗೈ ಮಣಿಕಟ್ಟಿನಿಂದ ಬೆರಳವರೆಗೆ ಸುಟ್ಟ ಗಾಯದ ಪಟ್ಟಿ. ಕಣ್ಣು ಇನ್ಸ್‌ಪೆಕ್ಟರ ಭುಜದ ಆಚೆ ಎಲ್ಲೋ ನೋಡುತ್ತಿತ್ತು. ಕತೆ ನಿಜವಾಗಿತ್ತು.

ಒಂದೇ ಕೋಣೆ, ಅದರ ಪಕ್ಕಕ್ಕೆ ಅಡುಗೆಮನೆ. ಗೋಡೆಯ ಮೇಲೆ ಗಡಿಯಾರ ಎಡಕ್ಕೆ ವಾಲಿಕೊಂಡು ಟಿಕ್ ಟಿಕ್ ಎನ್ನುತ್ತಿತ್ತು. ಅದರ ನೇರ ಕೆಳಗೆ ಚಾಪೆಯ ಮೇಲೆ ಆರೋಪಿ ಕೊರಡಿನ ಹಾಗೆ ಬಿದ್ದುಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದ. ಗುರುತು ಹಿಡಿಯುವುದಕ್ಕೆ ಬೇರೇನೂ ಬೇಕಿರಲಿಲ್ಲ.

"ಗಡಿಯಾರ ರಿಪೇರಿಯವರಾ?" ಮುದುಕಿ ದನಿ ತಗ್ಗಿಸಿ ಕೇಳಿದಳು. "ಬನ್ನಿ. ಅವನು ಈಗ ತಾನೆ ಕಣ್ಣು ಮುಚ್ಚಿದಾನೆ. ಒಂದು ವಾರದಿಂದ ನಿದ್ದೆ ಇಲ್ಲ ಅವನಿಗೆ. ರಿಪೇರಿಗೆ ಕೊಟ್ಟಿದೀನಿ, ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತಿದ್ದ."

ಇನ್ಸ್‌ಪೆಕ್ಟರು ಬಾಯಿ ತೆರೆಯುವ ಮೊದಲೇ ಉದ್ದಣ್ಣ, "ಹೌದಮ್ಮ. ಸರಿಯಾಗಿ ಓಡ್ತಿದೆಯಾ ನೋಡೋಣ ಅಂತ ಬಂದ್ವಿ," ಎಂದುಬಿಟ್ಟ.

"ಚೆನ್ನಾಗಿ ಓಡ್ತಿದೆಯಪ್ಪ. ಇದಿಲ್ಲದೆ ನನ್ನ ಮನೇಲೇ ನನಗೆ ದಾರಿ ತಪ್ಪಿತ್ತು. ಸದ್ದು ಬಲಕ್ಕಿದ್ರೆ ಎದುರಿಗೆ ಅಡುಗೆಮನೆ, ಬೆನ್ನಿಗಿದ್ರೆ ಎದುರಿಗೆ ಬಾಗಿಲು. ಮೊನ್ನೆ ಗೋಡೆ ಅಂತ ಕೈ ಇಟ್ಟೆ, ಒಲೆಯಾಗಿತ್ತು." ಅವಳು ಅದನ್ನು ತನ್ನದೇ ಪೆದ್ದುತನವೆಂಬಂತೆ ನಕ್ಕು ಹೇಳಿದಳು. "ಮತ್ತೆ ತಗೊಂಡು ಹೋಗೋದಿಲ್ಲ ತಾನೆ?"

ಮಾತಿಗೆ ಮಗ ಎಚ್ಚರಗೊಂಡ. ಖಾಕಿ ನೋಡಿ ಎದ್ದು ಕೂತ. ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಬಾಗಿಲು ತೋರಿಸಿದ. ಹೊರಗೆ ಬಂದ ಮೇಲೆ ಒಂದನ್ನೂ ಅಲ್ಲಗಳೆಯಲಿಲ್ಲ.

"ನಾನೇ ಮಾರಿದ್ದು, ನಾನೇ ಕದ್ದಿದ್ದು ಸಾರ್. ನನ್ನ ನಿದ್ದೆ ನೋಡಿಕೊಂಡೆ. ಅವಳು ಅದರ ಸದ್ದು ಹಿಡಿದುಕೊಂಡು ಓಡಾಡ್ತಾಳೆ ಅಂತ ನನಗೆ ಗೊತ್ತಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೈ ಸುಟ್ಟುಕೊಂಡ ದಿನ ಗೊತ್ತಾಯ್ತು."

"ಇನ್ನೊಂದು ಗಡಿಯಾರ ತರಬಹುದಿತ್ತಲ್ಲ?"

"ತಂದೆ ಸಾರ್. ಇದು ನಮ್ಮನೇದಲ್ಲ ಅಂತ ಗೋಡೆ ತಡಕಾಡ್ತಾ ಕೂತಳು."

ಮಾಲು ಗುರುತಿಸಲು ವೈದ್ಯೆಯನ್ನು ಕರೆಸಿದರು. ಗಂಡ ಚೀಲಗಳ ಸಮೇತ ಆಟೋದಿಂದಿಳಿದರು. ವೈದ್ಯೆ ಒಳಗೆ ಹೋಗಿ ಗಡಿಯಾರ ನೋಡಿದರು, ಮುದುಕಿಯ ಕೈ ನೋಡಿದರು, ಪಟ್ಟಿ ಬಿಚ್ಚಿ ಬೇರೆ ಕಟ್ಟಿದರು. ಹೊರಗೆ ಬಂದಾಗ ಮುಖ ಇಳಿದುಹೋಗಿತ್ತು.

"ನಾನು ನಗಬಾರದಿತ್ತು. ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆಯಮ್ಮ. ಹರಿದು ಹಾಕೋಕೆ ನನಗೆ ಅಧಿಕಾರ ಇಲ್ಲ."

"ಗಡಿಯಾರ?"

"ಮುದ್ದೆಮಾಲು. ಠಾಣೆಯ ಕೋಣೆ ಸೇರಬೇಕು, ಕೇಸು ಮುಗಿಯೋವರೆಗೆ." ಇನ್ಸ್‌ಪೆಕ್ಟರು ದವಡೆ ಹಿಡಿದುಕೊಂಡು ಫೈಲಿನಿಂದ ಒಂದು ಖಾಲಿ ಹಾಳೆ ತೆಗೆದರು. "ಆದ್ರೆ ಕೋರ್ಟು ಕೇಳಿದಾಗ ಹಾಜರು ಮಾಡ್ತೀನಿ ಅಂತ ನೀವು ಮುಚ್ಚಳಿಕೆ ಬರೆದುಕೊಟ್ರೆ ನಿಮ್ಮ ವಶಕ್ಕೆ ಕೊಡಬಹುದು. ನಿಮ್ಮ ವಸ್ತುವನ್ನ ಯಾವ ಗೋಡೆಗೆ ಹಾಕ್ತೀರಿ ಅಂತ ಕಾನೂನು ಕೇಳೋದಿಲ್ಲ."

ವೈದ್ಯೆ ಪೆನ್ನಿಗೆ ಕೈ ಚಾಚಿದರು. "ರೈಲು," ಎಂದರು ಗಂಡ. ಆ ದಿನ ಅವರು ಆಡಿದ ಒಂದೇ ಮಾತು ಅದು. "ಹೋದ್ರೆ ಹೋಗಲಿ," ಎಂದರು ಹೆಂಡತಿ.

ಅಕ್ಕಪಕ್ಕದ ಇಬ್ಬರು ಪಂಚರಾಗಿ ನಿಂತರು. ಗಡಿಯಾರವನ್ನು ಇದ್ದಲ್ಲೇ ಫೋಟೊ ತೆಗೆದು ಪಂಚನಾಮೆ ಬರೆದದ್ದಾಯಿತು. ನಾಲ್ಕೂ ಐವತ್ತಕ್ಕೆ ಆರೋಪಿಯ ದಸ್ತಗಿರಿ. ಇನ್ನುಳಿದದ್ದು ದಸ್ತಗಿರಿಯ ವಿಷಯ ಮನೆಯವರಿಗೆ ತಿಳಿಸುವುದು. ಇನ್ಸ್‌ಪೆಕ್ಟರು ಒಬ್ಬರೇ ಒಳಗೆ ಹೋದರು.

"ಅಮ್ಮ, ಮಗ ನನ್ನ ಜೊತೆ ಬರ್ತಿದಾನೆ. ಸ್ವಲ್ಪ ಕೆಲಸ ಇದೆ."

"ರಿಪೇರಿ ಬಾಕಿ ಕೆಲಸವಾ?"

"ಹೂಂ."

"ಎಷ್ಟು ಹೊಡೆದಾಗ ಬರ್ತಾನೆ?"

ಇನ್ಸ್‌ಪೆಕ್ಟರು ಗಡಿಯಾರದ ಕಡೆ ನೋಡಿದರು. ಬೆಳಿಗ್ಗೆಯಿಂದ ಎಲ್ಲರ ಕತೆ ಕೇಳಿದ್ದರು. ಈಗ ತಾವೊಂದು ಹೇಳಬೇಕಾಗಿತ್ತು.

"ಎಂಟು ಹೊಡೆದಾಗ," ಎಂದುಬಿಟ್ಟರು.

ಜೀಪಿನಲ್ಲಿ ಕೂತು ಅವರು ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು, ಜಾಮೀನು ನೀಡಲು ಠಾಣೆಯ ಆಕ್ಷೇಪಣೆ ಇಲ್ಲವೆಂದು ತಾವೇ ಬರೆದರು. ಬಿಡುವುದು, ಬಿಡದಿರುವುದು ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು.

"ಠಾಣೆಗಾ ಸಾರ್?" ಉದ್ದಣ್ಣ ಕೇಳಿದ.

"ಆಸ್ಪತ್ರೆ ತಪಾಸಣೆ ಮುಗಿಸಿ ನೇರ ಮ್ಯಾಜಿಸ್ಟ್ರೇಟರ ಮನೆಗೆ."

ಅಷ್ಟರಲ್ಲಿ ಮನೆಯೊಳಗಿಂದ ಗಡಿಯಾರ ಹೊಡೆಯತೊಡಗಿತು. ಆರೋಪಿಯ ತುಟಿ ಅಲುಗಿತು, ಐದರವರೆಗೆ.

"ಒಳಗೆ ಅವಳೂ ಎಣಿಸ್ತಿರ್ತಾಳೆ ಸಾರ್. ಒಂದೂ ತಪ್ಪಿಸಲ್ಲ."

ಇನ್ಸ್‌ಪೆಕ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು. ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಮುದುಕಿಯ ಗಡಿಯಾರ ಮುಂದಿತ್ತು.

"ಬೇಗ ಹೊರಡು," ಎಂದರು ಉದ್ದಣ್ಣನಿಗೆ.