ಅಪ್ಪನ ತಿಜೋರಿಯ ಅಂಕಿಗಳು

ನಂಬುವವರು ನಂಬಿ, ಬಿಡುವವರು ಬಿಡಿ. ಇದು ಹಾಡಹಗಲಲ್ಲಿ ನಡೆದದ್ದು. ನನಗೆ ಹುಟ್ಟಿನಿಂದ ಕಣ್ಣು ಕಾಣದು. ಬೀಗ ರಿಪೇರಿ ಅಪ್ಪನಿಂದ ಕಲಿತೆ. ಅಪ್ಪ ತೀರಿಕೊಂಡಾಗ ಅವರ ಸಲಕರಣೆಗಳೆಲ್ಲ ಅಂಗಡಿಯ ತಿಜೋರಿಯೊಳಗೇ ಉಳಿದವು. ಅದನ್ನು ತೆರೆಯುವ ಅಂಕಿಗಳು ಯಾರಿಗೂ ಗೊತ್ತಿರಲಿಲ್ಲ.

"ನಾಳೆ ಇದನ್ನ ಗುಜರಿಗೆ ಹಾಕಿ ಅಂಗಡಿ ಮುಚ್ತೀನಿ ಕಣೇ. ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು," ಎಂದು ಅಣ್ಣ ಊಟಕ್ಕೆ ಹೋದ.

ನಾನು ಅಪ್ಪನ ನೋಟ್‌ಬುಕ್ಕಿನ ಒಂದೊಂದೇ ಪುಟದ ಫೋಟೊ ತೆಗೆಯುತ್ತ ಕೂತೆ. ಫೋಟೊದಲ್ಲಿ ಅಕ್ಷರವಿದ್ದರೆ ನನ್ನ ಫೋನು ಓದಿ ಹೇಳುತ್ತದೆ. ಪುಟಗಟ್ಟಲೆ ಬರೀ ಗಿರಾಕಿಗಳ ಹೆಸರು. ಕೊನೆಯ ಪುಟ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಸ್ವಲ್ಪ ಎಡಕ್ಕೆ ಹಿಡಿ, ಗುಬ್ಬಿ," ಎಂದು ಓದಿತು ಫೋನು.

ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವರು ಅಪ್ಪ ಒಬ್ಬರೇ. ಎಡಕ್ಕೆ ಹಿಡಿದು ಇನ್ನೊಂದು ಫೋಟೊ ತೆಗೆದೆ.

"ಹದಿನೇಳು. ನಾಲ್ಕು. ಮೂವತ್ತೊಂದು."

ತಿಜೋರಿಯ ಚಕ್ರದ ಗೀರುಗಳನ್ನು ಬೆರಳಲ್ಲೇ ಎಣಿಸುತ್ತ ತಿರುಗಿಸಿದೆ. ಕಟಕ್! ಅಣ್ಣ ಬಂದಾಗ ಅಪ್ಪನ ಸುತ್ತಿಗೆ ಹಿಡಿದು ರಾಣಿಯ ಹಾಗೆ ಕೂತಿದ್ದೆ.

"ಅಂಗಡಿ ಮುಚ್ಚಲ್ಲ ಕಣೋ. ಬೇಕಾದ್ರೆ ನಿನ್ನ ಬಾಯಿ ಮುಚ್ಚು!"

ಅಂಕಿಗಳು ಕೊನೆಯ ಪುಟದಲ್ಲಿ ಸಿಕ್ಕವು ಎಂದೆ. ಅವನು ನೋಟ್‌ಬುಕ್ ತಿರುವಿ ನೋಡಿದ. "ಕೊನೇ ಪುಟದಲ್ಲಿ ಏನೂ ಬರೆದೇ ಇಲ್ವಲ್ಲೇ?"

ಆ ಪುಟದ ಮೊದಲ ಫೋಟೊ ಈಗಲೂ ಇದೆ. ನೋಡಿದವರೆಲ್ಲ ಬಿಳೀ ಹಾಳೆ ಎನ್ನುತ್ತಾರೆ. ಫೋನು ಮಾತ್ರ ಪ್ರತಿ ಸಲವೂ ಗುಬ್ಬಿ ಎಂದೇ ಓದುತ್ತದೆ.