ಯಾರ ತಪ್ಪೂ ಅಲ್ಲ

ನೀಲಗಂಗಾಳ ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ಎಳೆದುಕೊಂಡು ತಂತುದರ್ಶಕ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಎದುರಿನ ಗೋಡೆಯ ಮೇಲೆ ಅವಳ ಹೊಟ್ಟೆಯಲ್ಲಿದ್ದ ಎಳೆಯ ಭ್ರೂಣದ ವರ್ಣತಂತುಗಳು ಜೋಡಿಜೋಡಿಯಾಗಿ ಮೂಡತೊಡಗಿದವು. ಹದಿನಾರನೆಯ ಜೋಡಿಗೆ ಬಂದಾಗ ಡಾ. ಸುಲೋಚನಾ ಹಂಚಿನಮನಿ ಮತ್ತೊಮ್ಮೆ ಎಣಿಸಿದಳು. ಎರಡಿರಬೇಕಾದಲ್ಲಿ ಮೂರಿದ್ದವು.

ಹುಬ್ಬಳ್ಳಿಯ ಈ ಪ್ರಯೋಗಾಲಯದಲ್ಲಿ ಅವಳು ವರ್ಷಗಟ್ಟಲೆ ಕುಳಿತು ಈ ಯಂತ್ರ ಕಟ್ಟಿದ್ದು ಒಂದೇ ಹಟಕ್ಕೆ. ಬಸಿರು ಮೊದಲ ತಿಂಗಳುಗಳಲ್ಲೇ ಇಳಿದರೆ ಅರ್ಧಕ್ಕಿಂತ ಹೆಚ್ಚು ಸಲ ಕಾರಣ ವರ್ಣತಂತುಗಳ ಸಂಖ್ಯೆ ತಪ್ಪಿರುವುದು. ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ ಬೇರೆಯಾಗಬೇಕಾದ ಜೋಡಿ ಅಂಟಿಕೊಂಡೇ ಉಳಿಯುತ್ತದೆ. ಬಹುಪಾಲು ಅದು ಬರಿಯ ಆಕಸ್ಮಿಕ. ಮನುಷ್ಯ ಮಂಗಳಗ್ರಹದಲ್ಲಿ ಮನೆ ಕಟ್ಟಿಕೊಂಡಿದ್ದರೂ ಊರಿನವರ ತಲೆಗೆ ಇಷ್ಟು ಹೋಗಿರಲಿಲ್ಲ. ಪಪ್ಪಾಯಿ ತಿಂದಳು, ಕೊಡ ಎತ್ತಿದಳು ಎಂದು ಸೊಸೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕೆಂಬುದೇ ಸುಲೋಚನಾಳ ಕಿಚ್ಚು.

"ಈ ಕೂಸು ನಿಲ್ಲೂದಿಲ್ಲರೀ," ಎಂದಳು ಮೆಲ್ಲಗೆ. "ಉಳಿಸೋ ಔಷಧ ನನ್ನ ಕಡೆ ಇಲ್ಲ, ಯಾರ ಕಡೀನೂ ಇಲ್ಲ. ಆದ್ರ ಇದು ನಿಮ್ಮ ತಪ್ಪಲ್ಲ. ಯಾರ ತಪ್ಪೂ ಅಲ್ಲ."

ಈ ಮಾತು ಕೇಳಿದರೆ ಅತ್ತಾದರೂ ಹಗುರಾಗುತ್ತಾಳೆ ಎಂದುಕೊಂಡಿದ್ದಳು. ನೀಲಗಂಗಾ ಅಳಲಿಲ್ಲ.

"ಮೊದಲ್ನೇದು ಹೋದಾಗ ಪಪ್ಪಾಯಿ ತಿಂದಿದ್ದಕ್ಕ ಅಂದ್ರು, ಬಿಟ್ನಿರಿ. ಎರಡನೇದು ಹೋದಾಗ ಬೈಕ್ ಮ್ಯಾಲೆ ಹೋಗಿದ್ದಕ್ಕ ಅಂದ್ರು, ಅದನ್ನೂ ಬಿಟ್ನಿ. ಹಂಗಾಗೇ ಈ ಸಲ ಧೈರ್ಯ ಇತ್ರಿ. ಈಗ ನೋಡಿದ್ರ ನೀವು ತಪ್ಪೇ ಇಲ್ಲ ಅಂತೀರಿ. ಮುಂದಿನ ಸಲ ನಾ ಏನ್ ಬಿಡ್ಲಿ?"

"ಏನೂ ಬಿಡೂದು ಬ್ಯಾಡ. ಮುಂದಿಂದು ನೆಟ್ಟಗಾಗೋ ಸಾಧ್ಯತಾನ ಹೆಚ್ಚು."

"ಅಂದ್ರ ನನ್ನ ಕೈಯಾಗ ಏನೂ ಇಲ್ಲ ಅಂತಾತಲ್ರಿ. ಏನರ ಒಂದು ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಗ್ಗಿದಳು. ಸುಲೋಚನಾ ಅವಳನ್ನು ಹಿಡಿದೆತ್ತುತ್ತ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಬದ್ನಿಕಾಯಿ ಬಿಟ್ಟುಬಿಡ್ರಿ."

ನೀಲಗಂಗಾಳ ಮುಖಕ್ಕೆ ಜೀವ ಬಂತು. ಆಗ ಅಳುವೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ನಡೆದಳು. ಒಂದು ಸುಳ್ಳಿನಿಂದ ಇಷ್ಟಾದರೂ ಆಯಿತಲ್ಲ ಎಂದು ಸುಲೋಚನಾ ಉಸಿರು ಬಿಟ್ಟಳು. ನಾಚಿಕೆಯೂ ಆಯಿತು.

ಅಷ್ಟರಲ್ಲಿ ಹೊರಗಿನ ಬೆಂಚಿನ ಕಡೆಯಿಂದ ನೀಲಗಂಗಾಳ ದನಿ ಕೇಳಿಸಿತು.

"ಬಸುರ್ಯಾರು ಬದ್ನಿಕಾಯಿ ತಿನಬಾರ್ದಂತ. ಮಶೀನ್ ನೋಡಿ ಡಾಕ್ಟರೇ ಹೇಳ್ಯಾರ."

ಸುಲೋಚನಾ ದಡಬಡಿಸಿ ಬಾಗಿಲಿಗೆ ಬಂದಳು. ಸರದಿಗೆ ಕಾದಿದ್ದ ಹುಡುಗಿಯೊಬ್ಬಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಬಿಳಿಚಿಹೋಗಿದ್ದಳು.

"ಅಯ್ಯ ಶಿವನ, ನಾ ಮುಂಜಾನೆನ ಬದ್ನಿಕಾಯಿ ಎಣ್ಣಿಗಾಯಿ ತಿಂದು ಬಂದೇನಲ್ರಿ!"