ಜಪಕ್ಕೊಂದು ದನಿ ಕಮ್ಮಿ

ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನಲ್ಲಿ ನಮ್ಮ ಮದುವೆಯ ನೋಟಿಸ್ ಅಂಟಿಸಿ ಇಪ್ಪತ್ತಾರು ದಿನವಾಗಿತ್ತು. ದಿನಾ ಸ್ಕೂಲು ಬಿಟ್ಟ ಮೇಲೆ ಅಲ್ಲಿಗೆ ಹೋಗಿ, ‘ಸುಗತನ್, ತ್ರೇಸ್ಯ’ ಅನ್ನುವ ಎರಡು ಹೆಸರೂ ಇನ್ನೂ ಇವೆಯಾ ಅಂತ ನೋಡಿ ಬರುತ್ತಿದ್ದೆ. ಪ್ಯೂನ್ ನನ್ನನ್ನು ಕಂಡರೆ ನಗುತ್ತಿದ್ದ.

ಮೂವತ್ತು ದಿನದೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ನನಗೆ ಭಯವಿದ್ದದ್ದು ಹುಡುಗಿಯ ತಕರಾರಿನದೇ.

“ಸಹಿ ಹಾಕಿದೆ ಅಂತ ಹಿಗ್ಗಬೇಡಿ ಮಾಷೇ,” ಅಂದಿದ್ದಳು ತ್ರೇಸ್ಯ, ನೋಟಿಸ್ ಕೊಟ್ಟ ದಿನವೇ, ಆಫೀಸಿನ ಮೆಟ್ಟಿಲ ಮೇಲೆ. ನಾನು ಗಣಿತದ ಮೇಷ್ಟ್ರು. “ಮೂವತ್ತು ದಿನ ನಿಮ್ಮನ್ನ ನೋಡ್ತೀನಿ.”

“ಮೂರು ವರ್ಷದಿಂದ ನೋಡ್ತಿದೀಯಲ್ಲ?”

“ಅದು ನಿಮ್ಮ ಬಾಯಿ ನೋಡಿದ್ದು. ಮನಸ್ಸು ನೋಡೋದು ಬಾಕಿ ಇದೆ.” ಓರೆಗಣ್ಣಲ್ಲಿ ನಕ್ಕು ಛತ್ರಿ ಬಿಚ್ಚಿ ಹೊರಟೇಬಿಟ್ಟಳು. ನನ್ನ ನಿದ್ದೆ ಅವತ್ತಿಗೇ ಮುಗಿಯಿತು.

ನನ್ನ ಬಾಯಿ ದೊಡ್ಡದು, ಒಪ್ಪುತ್ತೇನೆ. ನಮ್ಮದು ಮೂರು ತಲೆಮಾರಿನ ವಿಚಾರವಾದಿಗಳ ಮನೆ. ಯಾವ ದೇವರ ಮುಂದೂ ಮಂಡಿ ಊರಿದವರಲ್ಲ ಅಂತ ಪಾಲಾ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ತ್ರೇಸ್ಯ ಹನ್ನೊಂದು ವರ್ಷ ಕನ್ಯಾಸ್ತ್ರೀ ಆಗಿದ್ದವಳು. ಒಂದು ಸಂಜೆ ಸಾಯುತ್ತಿದ್ದ ರೋಗಿಯ ಕೈ ಹಿಡಿದು ಕೂತಿದ್ದಾಗ ಮಠದ ಪ್ರಾರ್ಥನೆಯ ಗಂಟೆ ಹೊಡೆಯಿತಂತೆ. ವಿಧೇಯತೆಯ ವ್ರತ, ಎದ್ದು ಹೋದಳು. ವಾಪಸು ಬರುವಷ್ಟರಲ್ಲಿ ಆತ ಒಬ್ಬನೇ ಸತ್ತಿದ್ದ. ಅವಳು ಮಠ ಬಿಟ್ಟಳು, ನಂಬಿಕೆ ಅವಳನ್ನು ಬಿಟ್ಟಿತು. ಅವಳ ಅಪ್ಪ ಇವತ್ತಿಗೂ ಅವಳಿಗೆ ಬಾಗಿಲು ತೆಗೆಯುವುದಿಲ್ಲ. ಈಗ ಪಂಚಾಯಿತಿಯ ಪರವಾಗಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ಭಾನುವಾರ ಅವಳ ಜೀಪಿಗೆ ನಾನು ಪುಕ್ಕಟೆ ಡ್ರೈವರ್.

ಆ ಭಾನುವಾರ ಏಲಿಯಮ್ಮಚ್ಚಿ ಅನ್ನುವ ಮುದುಕಿಯ ಮನೆ. ಹೊಟ್ಟೆಯ ಕ್ಯಾನ್ಸರ್, ಮಕ್ಕಳಿಬ್ಬರೂ ಕುವೈತಿನಲ್ಲಿ. ಅಂಗಳದಲ್ಲಿ ಒಣಹಾಕಿದ್ದ ರಬ್ಬರ್ ಶೀಟುಗಳ ನಡುವೆ ನಾನು ಶತಪಥ ಹಾಕುತ್ತಿದ್ದೆ. ಒಳಗಿಂದ ತ್ರೇಸ್ಯಳ ದನಿ ಕೇಳಿಸಿತು. ಮಾತಲ್ಲ, ಜಪ.

ಮುಗಿಯಿತು ಕಥೆ, ಇವಳು ಮಠಕ್ಕೆ ವಾಪಸು ಹೊರಟಳು ಅಂದುಕೊಂಡು ಒಳಗೆ ನುಗ್ಗಿದೆ.

“ಇದೇನು ತ್ರೇಸ್ಯ? ನಂಬಿಕೆ ಇಲ್ಲದೆ ಹೀಗೆ ಹೇಳೋದು ನಾಟಕ ಅಲ್ವಾ?”

“ನಂಬಿಕೆ ಅಮ್ಮಚ್ಚಿದು. ಅವರಿಗೆ ಉಸಿರು ಸಾಲ್ತಿಲ್ಲ, ನಾನು ಓದ್ತಿದೀನಿ. ಅಷ್ಟೇ.”

“ಯಾರೋ ಅದು?” ಅಂದಳು ಮುದುಕಿ ಕಣ್ಣು ತೆರೆಯದೆ. “ನಿಂತ್ಕೊಂಡು ಏನ್ ಮಾಡ್ತಿದೀಯ? ಒಬ್ಬರು ದೇವಮಾತೆಯ ಒಂದೊಂದೇ ಹೆಸರು ಹೇಳಿದ್ರೆ ಮನೆಯವರು ‘ನಮಗಾಗಿ ಪ್ರಾರ್ಥಿಸು’ ಅಂತ ಉತ್ತರ ಹೇಳ್ಬೇಕು. ನನ್ನ ಮನೇಲಿ ಯಾರಿದಾರೆ? ಕೂತ್ಕೊಳ್ಳೋ.”

“ನಾನು ಕ್ರೈಸ್ತನಲ್ಲ ಅಮ್ಮಚ್ಚಿ.”

“ಬಾಯಿ ಇದೆಯಲ್ಲ?”

ತ್ರೇಸ್ಯ ನನ್ನನ್ನು ಕರೆಯಲಿಲ್ಲ, ತಡೆಯಲೂ ಇಲ್ಲ. ಪುಸ್ತಕದ ಮೇಲೆ ಬೆರಳಿಟ್ಟು ಕಾದಳು. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ನನಗೆ ಅಜ್ಜ ನೆನಪಾದರು, ಚಹಾದಂಗಡಿಯಲ್ಲಿ ಗೇಲಿ ಮಾಡುವ ಗೆಳೆಯರು ನೆನಪಾದರು. ಮುದುಕಿಯ ತುಟಿ ನೋವಿಗೆ ನಡುಗುತ್ತಿತ್ತು. ಮಂಚದ ಪಕ್ಕ ಮಂಡಿ ಊರಿದೆ.

“ನಮಗಾಗಿ ಪ್ರಾರ್ಥಿಸು,” ಅಂದೆ.

ಮೊದಲ ಸಲ ತಡವರಿಸಿದೆ. ಹತ್ತನೇ ಸಲಕ್ಕೆ ಅಮ್ಮಚ್ಚಿಯ ಹುಬ್ಬಿನ ಗಂಟು ಸಡಿಲಾಯಿತು. ಮೂವತ್ತು ದಾಟುವಷ್ಟರಲ್ಲಿ ಅವಳಿಗೆ ನಿದ್ದೆ. ನಾನು ಮಾತ್ರ ಕೊನೆಯವರೆಗೂ ಹೇಳಿದೆ. ಆಕಾಶದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ, ಅದು ಈಗಲೂ ನನ್ನ ಅಭಿಪ್ರಾಯ. ಮಂಚದ ಮೇಲಿದ್ದವಳು ಕೇಳಿಸಿಕೊಂಡಳು.

ಅಂಗಳಕ್ಕೆ ಬಂದಾಗ ತ್ರೇಸ್ಯ ಕೇಳಿದಳು, “ಅವರು ಆಗ್ಲೇ ಮಲಗಿಬಿಟ್ಟಿದ್ರು. ಆಮೇಲೂ ಯಾಕೆ ಹೇಳಿದ್ರಿ?”

“ನಡುವೆ ಎಚ್ಚರ ಆದ್ರೆ, ಯಾರೂ ಇಲ್ಲ ಅನ್ನಿಸಬಾರದಲ್ಲ.”

ಅವಳು ಅತ್ತಳು. ಮೂರು ವರ್ಷದಲ್ಲಿ ನನ್ನೆದುರು ಅತ್ತದ್ದು ಅದೇ ಮೊದಲು.

“ನಾನು ಸಾಯೋವಾಗ ನೀವು ಪಕ್ಕದಲ್ಲಿ ಇರ್ಬೇಕು.”

“ಈಗ್ಯಾಕೆ ಸಾಯೋ ಮಾತು?”

“ಅಲ್ಲೀವರೆಗೂ ಇರಿ ಅಂತ ಕೇಳ್ತಿದೀನಿ. ಲೆಕ್ಕದ ಮೇಷ್ಟ್ರಿಗೆ ಇಷ್ಟೂ ತಿಳಿಯಲ್ವಾ?”

ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡುತ್ತಿದ್ದರು. ನಾನು ಅವಳ ಕೈ ಹಿಡಿದುಕೊಂಡೆ.